ಸೂಜಿ ಅಂದವಳು ನಾನೇ

ಬೇಗೂರು
18-7-2024, ಗುರುವಾರ

ತಂಗಿ ಚೈತ್ರಳಿಗೆ, ನಿನ್ನ ಅಕ್ಕ ಬೇಡಿಕೊಳ್ಳುವುದೇನೆಂದರೆ, ಈ ಕಾಗದವನ್ನು ಲ್ಯಾಬಿನಲ್ಲಿ ನಾಲ್ಕು ಜನರ ಮುಂದೆ ಒಡೆಯಬೇಡ. ರೂಮಿಗೆ ಹೋಗಿ, ಊಟ ಮಾಡಿ, ಆಮೇಲೆ ಓದು.

ಫೋನಿನಲ್ಲೇ ಹೇಳೋಣವೆಂದು ನಾಲ್ಕು ಸಲ ಮಾಡಿದೆ. ನಾಲ್ಕು ಸಲವೂ ಊಟ ಆಯ್ತಾ ಎಂದು ಕೇಳಿ ಇಟ್ಟುಬಿಟ್ಟೆ. ಎಂಟನೇ ಕ್ಲಾಸಿಗೆ ಬಿಟ್ಟ ಅಕ್ಷರ, ತಪ್ಪಿದ್ದರೆ ಹೊಂದಿಸಿಕೊ.

ಚಿಕ್ಕನಿಂಗಮ್ಮತ್ತೆ ಚಾಮರಾಜನಗರದ ಆಸ್ಪತ್ರೆ ಸೇರಿ ಇವತ್ತಿಗೆ ಆರು ದಿನ. ಸಂಜೆಯಾದರೆ ಜ್ವರ, ಬೆಳಗಾದರೆ ಬೆವರು, ಸೊಂಟ ಹಿಡಿದುಕೊಂಡು ಎದ್ದು ಕೂರಲಾರಳು. ಟೈಫಾಯ್ಡ್ ನೋಡಿದರಂತೆ, ಡೆಂಗಿ ನೋಡಿದರಂತೆ, ಯಾವುದೂ ಅಲ್ಲವಂತೆ. ಅದೇನೆಂದು ನನಗೆ ಗೊತ್ತು. ಒಂಬತ್ತು ವರ್ಷದಿಂದ ನೀನು ಬೆನ್ನು ಹತ್ತಿರುವುದು ಇದೇ ಜ್ವರವನ್ನಲ್ಲವೆ? ಹಸು ದಿನ ತುಂಬದೆ ಕಂದು ಹಾಕಿದಾಗ ಆ ಸತ್ತ ಕರು ಮುಟ್ಟಿದವರಿಗೆ ಅಂಟುವ ರೋಗಾಣು. ಅದಕ್ಕೆ ಮನುಷ್ಯರಿಗೆ ಲಸಿಕೆಯೇ ಇಲ್ಲ, ನಾನು ಮಾಡ್ತೀನಿ ನೋಡಕ್ಕ ಎಂದು, ನೋಡಲು ಬಂದ ಗಂಡುಗಳನ್ನೆಲ್ಲ ವಾಪಸ್ಸು ಕಳಿಸಿದವಳು ನೀನು.

ಯುಗಾದಿ ಕಳೆದ ಮೇಲೆ ನಿಮ್ಮ ಲ್ಯಾಬಿನವರು ರಕ್ತ ತೆಗೆಯಲು ನಮ್ಮ ಹಾಲಿನ ಡೈರಿಗೆ ಬಂದರಲ್ಲ, ನಿನಗೆ ಬರಲಾಗಲಿಲ್ಲ. ಒಪ್ಪಿಗೆ ಹಾಳೆಗಳನ್ನು ನನಗೆ ಕಳಿಸಿ, ಓದಿ ಹೇಳಕ್ಕ, ನಿನ್ನ ಮಾತು ನಂಬ್ತಾರೆ ಎಂದಿದ್ದೆ. ನಾನು ಮೊದಲನೇ ಸಾಲಿಗೇ ಸಿಕ್ಕಿಬಿದ್ದೆ. ‘ಮಾದರಿ ಸಂಗ್ರಹಣೆ’ ಎಂದರೆ ಏನೆಂದು ಹೇಳಲಿ? ಸುಮ್ಕೆ ಒಂದು ಸೂಜಿ ಚುಚ್ತಾರೆ, ಅಷ್ಟೇ ಕಣ್ರವ್ವ ಎಂದೆ. ನಮ್ಮ ಕಡೆ ಸೂಜಿ ಎಂದರೆ ಔಷಧಿ ಒಳಗೆ ಹಾಕುವುದು ಎಂಬುದು ಆ ಗಳಿಗೆಗೆ ನನಗೆ ಹೊಳೆಯಲಿಲ್ಲ. ಹಾಲು ತಂದಿದ್ದ ಯಶೋದಮ್ಮ ಕೇಳಿದಳು, “ಅಂಗಾರೆ ಇನ್ಮೇಲೆ ಕಂದಾಕಿದ್ದ ಮುಟ್ಟುದ್ರೂ ಜ್ವರ ಬರಾಕಿಲ್ವೇನಮ್ಮಿ?”

ಆಗಲಾದರೂ ಹಾಗಲ್ಲ, ಇದು ಬರೀ ರಕ್ತ ತೆಗೆಯುವುದು ಎನ್ನಬೇಕಿತ್ತು. ಹನ್ನೊಂದು ಗಂಟೆಯಾಗಿತ್ತು, ಬಂದವರು ಐದೇ ಜನ. ನಿನ್ನ ಕಡೆಯ ಹುಡುಗಿಯರು ವಾಚು ನೋಡುತ್ತಿದ್ದರು. ಹೂಂ ಎಂದುಬಿಟ್ಟೆ. ಮಧ್ಯಾಹ್ನದೊಳಗೆ ಅರವತ್ತೆರಡು ಜನ ತೋಳು ಚಾಚಿದರು. ರಕ್ತ ಎಳೆದದ್ದು ಕಂಡರೂ, ಈ ಸೂಜಿ ಹಾಕುವುದೇ ಹೀಗೆ ಎಂದುಕೊಂಡರು. ಒಂದೊಂದು ಹಾಳೆಯ ಕೆಳಗೂ ‘ಓದಿ ತಿಳಿಸಿದ್ದೇನೆ’ ಎಂದು ನನ್ನ ರುಜು. ಸಂಜೆ ನೀನು ಫೋನು ಮಾಡಿ, ಅಕ್ಕಾ ನಿನ್ನಿಂದ ನನ್ನ ಕೆಲಸ ಉಳೀತು ಎಂದು ಬಿಕ್ಕಿದೆ.

ಈಗ ಊರಲ್ಲಿ ಯಾರಿಗೂ ಹೆದರಿಕೆಯೇ ಇಲ್ಲ. ಮುಂಚೆ ಕೈಗೆ ಪ್ಲಾಸ್ಟಿಕ್ ಕವರಾದರೂ ಸುತ್ತಿಕೊಳ್ಳುತ್ತಿದ್ದರು, ಈಗ ಸತ್ತ ಕರುವನ್ನೂ ಮಾಸನ್ನೂ ಬರಿಗೈಲಿ ಎಳೆಯುತ್ತಾರೆ. ಚಿಕ್ಕನಿಂಗಮ್ಮತ್ತೆ ಹೋದ ತಿಂಗಳು ಎಳೆದದ್ದೂ ಹಾಗೇ. ಡಾಕ್ಟರಿಗೆ ಆ ಕರುವಿನ ವಿಷಯ ಹೇಳಪ್ಪ ಎಂದು ಅವಳ ಮಗ ಮಲ್ಲೇಶನಿಗೆ ನಿನ್ನೆ ಮೆಲ್ಲಗೆ ಹೇಳಿದೆ. “ಅದ್ನ ಯಾಕಕ್ಕ ಏಳದು? ಅದ್ಕೆ ಆಗ್ಲೇ ಸೂಜಿ ಆಗದಲ್ಲ, ನೀನೇ ನಿಂತ್ಕಂಡು ಆಕ್ಸಿದ್ದೆ,” ಎಂದು ನಕ್ಕ. ಅವನ ಮುಖ ನೋಡಲಾರದೆ ತೊಳೆದ ಕ್ಯಾನನ್ನೇ ಮತ್ತೆ ತೊಳೆಯುತ್ತ ನಿಂತೆ.

ಹೇಳಿದರೆ ಅರವತ್ತೆರಡು ಜನರ ರಕ್ತವೂ ಮೋಸದಿಂದ ತೆಗೆದದ್ದು ಎಂದಾಗುತ್ತದೆ. ನಿನ್ನ ಒಂಬತ್ತು ವರ್ಷ ನನ್ನ ಒಂದು ಹೂಂಗೆ ಹೋಗುತ್ತದೆ. ಹೇಳದಿದ್ದರೆ ಅತ್ತೆಯ ಗತಿಯೇನು? ಯಶೋದಮ್ಮನ ಗಬ್ಬದ ಹಸು ಬೇರೆ ಈಗಲೋ ಆಗಲೋ ಕರು ಹಾಕುವಂತಿದೆ. ಎತ್ತ ತಿರುಗಿದರೂ ಗೋಡೆ ಕಣಮ್ಮಿ.

ನಾಳೆ ಮೊದಲ ಬಸ್ಸಿಗೆ ಚಾಮರಾಜನಗರಕ್ಕೆ ಹೋಗಿ ಡಾಕ್ಟರಿಗೆ ಹೇಳುತ್ತೇನೆ. ವಾಪಸ್ಸು ಬಂದು ಸಂಜೆ ಹಾಲಿನ ಹೊತ್ತಿಗೆ ಡೈರಿಯಲ್ಲಿ ಎಲ್ಲರ ಮುಂದೆ ಹೇಳುತ್ತೇನೆ. ನಿನ್ನನ್ನು ಮೊದಲು ಕೇಳಬೇಕಿತ್ತು. ಕೇಳಿದರೆ ನೀನು ಬೇಡ ಎಂದುಬಿಡುತ್ತೀಯೋ, ನಾನು ಅದಕ್ಕೂ ಹೂಂ ಎಂದುಬಿಡುತ್ತೇನೋ ಎಂದು ಭಯ. ಅದಕ್ಕೇ ಫೋನು ಬಿಟ್ಟು ಕಾಗದ ಬರೆದೆ. ಇದು ನಿನ್ನ ಕೈ ಸೇರುವಷ್ಟರಲ್ಲಿ ಹೇಳಿ ಆಗಿರುತ್ತದೆ.

ಬೈಯುವುದಿದ್ದರೆ ಊರಿಗೆ ಬಂದು ಬೈ. ಬಾರದೆ ಮಾತ್ರ ಇರಬೇಡ.

ನಿನ್ನ ಕೆಲಸ ಕೆಡಿಸಿದ ಅಕ್ಕ,
ಗುರುಮಲ್ಲಮ್ಮ

ಮರೆತ ಮಾತು: ಆವತ್ತು ಚಿಕ್ಕನಿಂಗಮ್ಮತ್ತೆಯ ಜೊತೆ ಕರು ಎಳೆದವಳು ನಾನೇ. ನೀನು ಕೊಟ್ಟ ಗ್ಲೌಸು ಸೊಂಟದಲ್ಲೇ ಇತ್ತು. ಹಾಕಿಕೊಂಡರೆ, ಸೂಜಿ ಆದವಳಿಗೆ ಇದ್ಯಾಕೆ ಎಂದು ಕೇಳುತ್ತಾರಲ್ಲ, ಅದಕ್ಕೇ ಹಾಕಿಕೊಳ್ಳಲಿಲ್ಲ. ನಾಲ್ಕು ದಿನದಿಂದ ನನಗೂ ಸಂಜೆಯಾದರೆ ಜ್ವರ ಬರುತ್ತಿದೆ.