ಆ ಜಾಕೆಟ್ ಹೊಲಿಯಬೇಡ

ಅಮ್ಮಾ,

ನಿನ್ನ ಫೋನು ಇಲ್ಲೇ ಚಾರ್ಜಿಗೆ ಉಂಟು, ಹಾಗಾಗಿ ಈ ಚೀಟಿ. ಎಡಗೈ ಬರಹ, ನಗಬೇಡ.

ಪುತ್ತೂರಿನ ವಕೀಲರು ಈಗಲೇ ಬರಲು ಹೇಳಿದ್ದಾರೆ! ವಿಹಾರದ ದೋಣಿ ಮಗುಚಿ ನನ್ನ ಕೈ ಮುರಿದದ್ದಕ್ಕೆ ಗ್ರಾಹಕರ ಕೋರ್ಟಿನಲ್ಲಿ ಪರಿಹಾರ ಕೇಳಬಹುದಂತೆ. "ಏನಾದರೂ ಆದರೆ ನನ್ನದೇ ಜವಾಬ್ದಾರಿ" ಅಂತ ದೋಣಿ ಹತ್ತುವ ಮೊದಲು ಸಹಿ ಹಾಕಿದ್ದೇನಲ್ಲ ಎಂದೆ.

"ಸಹಿ ಹಾಕಿಸಿದ ಕೂಡಲೇ ಹಳತು ಲೈಫ್ ಜಾಕೆಟ್ ಕೊಡ್ಲಿಕ್ಕೆ ಆಗ್ತದಾ ಮಾರಾಯ್ತಿ? ಅವರ ನಿರ್ಲಕ್ಷ್ಯಕ್ಕೆ ಅವರೇ ಹೊಣೆ. ಆ ಜಾಕೆಟ್ ಈಗ ಎಲ್ಲುಂಟು?"

ನಮ್ಮ ಜಗಲಿಯಲ್ಲೇ ಉಂಟು ಎಂದೆ. ಅವರು ಎದ್ದು ನಿಂತರೋ ಏನೋ, ಕುರ್ಚಿ ಸರಿದ ಸದ್ದು ಫೋನಿನಲ್ಲೇ ಕೇಳಿತು!

ಆಸ್ಪತ್ರೆಯಲ್ಲಿ ಬಿಚ್ಚಿದ್ದನ್ನು ನೀನು ಜೋಪಾನವಾಗಿ ಮನೆಗೆ ತಂದದ್ದೇ ಪುಣ್ಯ. ತಾವೇ ಬಂದು ನೋಡುವವರೆಗೆ ಅದು ಇದ್ದಲ್ಲೇ ಇರಲಿ ಎಂದಿದ್ದಾರೆ ವಕೀಲರು; ಇನ್ನು ಅದನ್ನು ಮುಟ್ಟಬೇಡ, ಒಗೆಯಲೂ ಬೇಡ. ನೀರಿಗೆ ಬಿದ್ದಾಗ ಕಿತ್ತುಬಂದ ಆ ಪಟ್ಟಿ ಹಾಗೆಯೇ ನೇತಾಡಲಿ. ನಮ್ಮ ಸಾಕ್ಷಿ ಅದೇ.

ದೋಣಿಯವರು ಇವತ್ತು ಜಾಕೆಟ್ ಕೇಳಿಕೊಂಡು ಬರುತ್ತಾರಂತೆ. ಕೂರಿಸಿ ಚಾ ಕೊಡು. ಬರಿಗೈಯಲ್ಲಿ ಕಳಿಸಲು ನಿನಗೆ ಮನಸ್ಸು ಬಾರದು, ಗೊತ್ತುಂಟು. ಅಟ್ಟದಲ್ಲಿ ಕಟ್ಟಿಟ್ಟ ಸೌತೆಕಾಯಿ ಎರಡು ಕೊಡು. ಜಾಕೆಟ್ ಮಾತ್ರ ಕೊಡಬೇಡ.

"ಇನ್ನೊಬ್ಬರ ವಸ್ತುವನ್ನು ಹರಿದ ಹಾಗೇ ಹಿಂದೆ ಕೊಡುದು ಹೇಗೆ, ನಾಚಿಗೆ ಆಗುದಿಲ್ವಾ?" ಅಂತ ನಿನ್ನೆ ನೀನು ಕನ್ನಡಕ ಹುಡುಕುತ್ತಾ ಹೇಳಿದ್ದು ಕೇಳಿದ್ದೇನೆ.

ಸವಣೂರಿನಿಂದ ಪುತ್ತೂರಿಗೆ ಹೋಗುವ ಬಸ್ಸು ಬರುವ ಹೊತ್ತಾಯಿತು, ಹೊರಟೆ. ಸೂಜಿಡಬ್ಬಿಯನ್ನು ನನ್ನ ಜೊತೆಗೇ ಕೊಂಡುಹೋಗುತ್ತಿದ್ದೇನೆ, ಹುಡುಕಬೇಡ.

ಸಮೀಕ್ಷಾ