ಕೆಂಪು ದಾರದ ಗಂಟು

ಚಾಮರಾಜಪೇಟೆ, ಬೆಂಗಳೂರು
ಮಾರ್ಚ್ 1947

ತಮ್ಮ ಮುನಿರಾಮನಿಗೆ ಅಣ್ಣನ ಆಶೀರ್ವಾದ.

ಊಟಿಯಲ್ಲಿ ನಿಮ್ಮ ದೊರೆ ಟ್ರೌಟ್ ಮೀನು ಹಿಡಿಯೋ ಹುಳದ ಗಾಳಗಳು ಸವೆದುಹೋದವು, ಹೊಸದು ಬೇಕು ಅಂತ ಹಳೇದನ್ನ ಮಾದರಿಗೆ ಕಳಿಸಿದೀಯ. ಸರಿ. ಇವಕ್ಕೆ ಗಂಟು ಹಾಕಿದ್ದು ಯಾರು?

ಕೊಕ್ಕೆಗೆ ನವಿಲುಗರಿ ಸುತ್ತಿ ನೀರುಹುಳದ ಮೈ ಮಾಡೋನು ನಾನು. ಅದು ಬಿಚ್ಚದ ಹಾಗೆ ಹಾಕೋ ಕೊನೇ ಗಂಟು ಯಾವಾಗಲೂ ನನ್ನ ಮಗಳು ರತ್ನಂದು. ಅವಳು ಹೋದಮೇಲೆ ನನ್ನ ಹಾಳು ಕಣ್ಣಿಗೆ ಕಾಣದೆ, ಗಂಟು ಹಾಕದೆ ಬರೀ ಮೇಣ ಮೆತ್ತಿ ಇವನ್ನ ಕಳಿಸಿದ್ದೆ. ಈಗ ನೋಡಿದರೆ ಎಲ್ಲಕ್ಕೂ ಗಂಟಿದೆ. ಅವಳದೇ ಎಡಗೈ ಸುತ್ತು, ಅವಳದೇ ಕೆಂಪು ರೇಷ್ಮೆ ದಾರ. ನಾನೇ ಕಟ್ಟಿದೆ ಅಂತ ಬೊಗಳಬೇಡ, ನಿನಗೆ ಪಂಚೆ ನೆಟ್ಟಗೆ ಕಟ್ಟೋಕೆ ಬರಲ್ಲ.

ಆ ದಾರದ ಉಂಡೆ ಸೆರಗಿಗೆ ಸಿಕ್ಕಿಸಿಕೊಂಡೇ ಅವಳು ಕೆಂಪಾಂಬುಧಿ ಕೆರೆಗೆ ಬಟ್ಟೆ ಒಗೆಯೋಕೆ ಹೋಗಿದ್ದು. ಅವಳೂ ಸಿಗಲಿಲ್ಲ, ಉಂಡೆಯೂ ಸಿಗಲಿಲ್ಲ. ನೀನು ಕಳಿಸಿದ ಗಾಳ ಒಲೆ ಪಕ್ಕ ಇಟ್ಟಿದೀನಿ, ಒಣಗ್ತಾನೇ ಇಲ್ಲ.

ನಿಮ್ಮ ಅತ್ತಿಗೆಗೆ ಏನೂ ಬರೀಬೇಡ. ಮತ್ತೆ ಮಗಳಿಗೆ ತಟ್ಟೆ ಹಾಕಿ ಬಾಗಿಲು ನೋಡ್ತಾ ಕೂರ್ತಾಳೆ.

ಈ ಸಲ ಡಬ್ಬೀಲಿ ಕಳಿಸಿರೋ ಹೊಸ ಗಾಳಗಳಲ್ಲಿ ಬೇಕಂತಲೇ ಒಂದಕ್ಕೂ ಗಂಟು ಹಾಕಿಲ್ಲ. ದೊರೆಗೆ ಕೊಡೋ ಮುಂಚೆ ಡಬ್ಬಿ ತೆಗೆದು ಅವನು ಮೀನು ಹಿಡಿಯೋ ಹೊಳೆ ದಡದಲ್ಲಿ ಇಟ್ಟು ಬಾ. ನಿಂತು ನೋಡೋಕೆ ಹೋಗಬೇಡ. ಜೊತೆಗೆ ಕೆಂಪು ದಾರದ ಹೊಸ ಉಂಡೆ ಕಳಿಸಿದೀನಿ, ಅದನ್ನೂ ಪಕ್ಕದಲ್ಲಿಡು. ಅವಳ ಹತ್ತಿರ ಇರೋದು ಮುಗೀತಾ ಬಂದಿರಬೇಕು.

ನಿನ್ನಣ್ಣ,
ಚಿಕ್ಕವೆಂಕಟಪ್ಪ