ನೀರು ಕೇಳಿದ್ದಕ್ಕೆ ಬಂದೂಕು ಕಳಿಸುವವರಿಗೆ

ಮೈಸೂರು, ಮೇ ೧೯೫೭

ಮಾನ್ಯ ಅಧಿಕಾರಿಗಳೇ,

ಅಕ್ಷರ ಕೆಟ್ಟದಾಗಿದೆ, ಕಾಗುಣಿತವೂ ತಪ್ಪಿರಬಹುದು, ಮನ್ನಿಸಬೇಕು. ನಾನು ಓದಿದ್ದು ನಾಲ್ಕನೇ ತರಗತಿ. ಪತ್ರಿಕೆಯವರು ತಿದ್ದಿ ಅಚ್ಚು ಹಾಕುತ್ತಾರೆಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಬೆಟ್ಟದ ತಪ್ಪಲಿನ ನಮ್ಮ ಬೀದಿಯಲ್ಲಿ ದನಗಳಿಗೆಂದು ಇಟ್ಟಿರುವ ಕಲ್ಲುಬಾನಿಗೆ ಒಂದು ತಾಯಿ ಚಿರತೆ ನೀರು ಕುಡಿಯಲು ಬರುತ್ತದೆ. ಅದನ್ನು ಶನಿವಾರ ಗುಂಡಿಟ್ಟು ಕೊಲ್ಲಲು ತಾವು ಅಪ್ಪಣೆ ಮಾಡಿದ್ದೀರಿ. ಅದು ಬರುವ ದಾರಿ ತೋರಿಸುವ ಕೆಲಸವನ್ನು ನಮಗೇ ವಹಿಸಿದ್ದೀರಿ. ಅದು ನಮ್ಮಿಂದ ಆಗದು.

ನಾವೆಂದರೆ ದೊಡ್ಡ ಸಂಘವೇನಲ್ಲ. ಬೇಸಿಗೆಯ ಕೊನೆಗೆ ಬೆಟ್ಟದ ಮೇಲಿನ ಕೊಳ ಬತ್ತಿದಾಗ ಪ್ರಾಣಿಗಳು ಕೆಳಗಿಳಿಯುತ್ತವೆ. ಯಾವ ಯಾವುವು ಬರುತ್ತವೆಂದು ನೋಡಿ ಬರೆದರೆ, ಮಳೆ ಹಿಡಿಯುವವರೆಗೆ ಬಾನಿಗೆ ನೀರು ಬಿಡಿಸಿ ಎಂದು ಸರ್ಕಾರವನ್ನು ಕೇಳಬಹುದು ಎಂದರು ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ಚನ್ನಬಸವಯ್ಯನವರು. ಕತ್ತಲಲ್ಲಿ ಬರುವುದನ್ನು ನೋಡುವುದು ಹೇಗೆ? ಪಕ್ಕದ ಮನೆಯ ದೇವಿರಮ್ಮ ನಕ್ಕುಬಿಟ್ಟರು.

“ಅದ್ಕೇನ್ ಮೇಷ್ಟ್ರೇ! ನಮ್ಮನೆ ರಂಗೋಲಿ ತುಳ್ದಿದ್ದು ಕರುವೋ, ಕೋಳಿಯೋ, ಎದುರುಮನೆ ಅಳಿಯನೋ ಅಂತ ಬೆಳಗೆದ್ದು ನಾನು ಹೇಳ್ಬುಡಕಿಲ್ವಾ?”

ಅಂದಿನಿಂದ ಬೀದಿಯ ಹೆಂಗಸರು ಸಂಜೆ ಒಲೆಯ ಬೂದಿಯನ್ನು ಜರಡಿ ಹಿಡಿದು ಬಾನಿಯ ಸುತ್ತ ತೆಳ್ಳಗೆ ಎರಚತೊಡಗಿದೆವು. ಬೆಳಿಗ್ಗೆ ಹೆಜ್ಜೆ ನೋಡಿ ಹೇಳುತ್ತಿದ್ದೆವು, ಮೇಷ್ಟ್ರು ಬರೆದುಕೊಳ್ಳುತ್ತಿದ್ದರು. ಮೊಲ, ಮುಂಗುಸಿ, ಮುಳ್ಳುಹಂದಿ, ನವಿಲು, ಪುನುಗು ಬೆಕ್ಕು. ನಾಚಿಕೆಗೆ ಯಾರ ಎದುರೂ ಬಾಯಿ ಬಿಡದ ನಾನು ಕೂಡ, “ಇದು ನವಿಲು ಮೇಷ್ಟ್ರೇ, ಬಾಲ ಎಳೆದಿದೆ” ಎಂದು ಗಟ್ಟಿಯಾಗಿ ಹೇಳಿದ ಬೆಳಗುಗಳವು.

ಒಂದು ದಿನ ಬೂದಿಯ ಮೇಲೆ ಉಗುರಿನ ಗುರುತಿಲ್ಲದ ದುಂಡು ಹೆಜ್ಜೆ, ಚಿರತೆಯದು; ಪಕ್ಕದಲ್ಲಿ ಎರಡು ಮರಿಗಳದು. ಮೇಷ್ಟ್ರು ಅದನ್ನೂ ಬರೆದರು. ಎಲ್ಲ ಸೇರಿಸಿ, ಕೊನೆಗೆ “ದಯಮಾಡಿ ನೀರು ಬಿಡಿಸಿಕೊಡಿ” ಎಂದು ತಮಗೆ ಕಳಿಸಿದೆವು. ತಾವು ಓದಿದಿರಿ, ಅದು ನಮ್ಮ ಪುಣ್ಯ. ಆದರೆ ಅಷ್ಟು ಬರಹದಲ್ಲಿ ತಮಗೆ ಕಂಡದ್ದು ‘ಚಿರತೆ’ ಎಂಬ ಒಂದೇ ಮಾತೇ? ‘ನೀರು’ ಎಂಬುದು ಅದಕ್ಕಿಂತ ಚಿಕ್ಕ ಮಾತು, ನಿಜ. ಆದರೂ ಕಾಣದಷ್ಟು ಚಿಕ್ಕದೇ?

ನಿನ್ನೆ ತಮ್ಮ ಜವಾನರು ಬಂದರು. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ.

“ಶನಿವಾರ ಸಾಹೇಬ್ರು ಬಂದೂಕಿನವ್ರನ್ನ ಕರ್ಕೊಂಡು ಬತ್ತಾರೆ. ಅಲ್ಲೀಗಂಟ ನೀವು ದಿನಾ ಹಾಕೋ ಅಂಗೇ ಬೂದಿ ಹಾಕ್ಬುಡಿ. ಎತ್ಲಾಗಿಂದ ಬತ್ತದೆ ಅಂತ ಗೊತ್ತಾಗ್ಬೇಕು. ನಾಳೆಯಿಂದ ನಾನೇ ಬಂದು ನೋಡ್ತೀನಿ.”

“ನಮ್ ಕೈಲೇ ಹಾಕಿಸ್ತೀರಾ?” ಎಂದರು ದೇವಿರಮ್ಮ. “ತಿಥಿ ದಿವ್ಸ ಯಾರಾದ್ರೂ ಬಾಗ್ಲಿಗೆ ರಂಗೋಲಿ ಹಾಕ್ತಾರೇನಪ್ಪಾ?”

“ನಂಗೇನ್ ಗೊತ್ತು ಕಣಮ್ಮ, ಹೇಳಿದ್ದು ಹೇಳ್ದೆ. ಹಾಕ್ದೆ ಇದ್ರೆ ಸಾಹೇಬ್ರು ಹೆಸ್ರು ಬರ್ಕೊಂಡು ಬಾ ಅಂದವ್ರೆ.”

ಮೇಷ್ಟ್ರು ಬರೆಯುವ ಪುಸ್ತಕ ಮಡಚಿಕೊಂಡು ಮನೆಗೆ ಹೋದರು. ಅವರು ಪಿಂಚಣಿಯವರು, ಹೆಸರು ಹೋದರೆ ಅದು ನಿಂತೀತು.

ಸುಳ್ಳು ಹೇಳುವುದಿಲ್ಲ ಮಾನ್ಯರೇ, ಚಿರತೆಯೆಂದರೆ ನನಗೆ ಪ್ರಾಣಭಯ. ನಮ್ಮದು ಬಾನಿಗೆ ಎದುರು ಮನೆ. ಬಾಣಂತನಕ್ಕೆ ಬಂದಿರುವ ಅಕ್ಕನೂ ಅವಳ ಕೂಸೂ ಸೆಕೆಗೆ ಜಗಲಿಯ ಮೇಲೆ ಮಲಗುತ್ತಿದ್ದರು. ಆ ಹೆಜ್ಜೆ ಕಂಡ ದಿನದಿಂದ ಎಲ್ಲರೂ ಒಳಗೇ ಬೇಯುತ್ತಿದ್ದೇವೆ. ಕೂಸು ಅತ್ತರೆ ನಾನು ಎದ್ದು ಬಾಗಿಲ ಅಗುಳಿ ಮುಟ್ಟಿ ನೋಡುತ್ತೇನೆ. ಬೀದಿಯ ಒಂದು ನಾಯಿಯೂ ಕಾಣುತ್ತಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಹಾಗಿದ್ದರೆ ಕೊಂದರೇನು ಎಂದು ತಾವು ಕೇಳಬಹುದು. ಗುಂಡು ತಪ್ಪಿದರೆ? ನಮ್ಮ ತಟ್ಟಿಗೋಡೆ ಅದನ್ನು ತಡೆಯುತ್ತದೆಯೇ? ಅರೆಬರೆ ತಗುಲಿ ಗಾಯಗೊಂಡ ಚಿರತೆ ತಮ್ಮ ಬಂಗಲೆಗೆ ಬಂದು ದೂರು ಕೊಡುತ್ತದೆಯೇ, ನಮ್ಮ ಜಗಲಿಗೆ ಬರುತ್ತದೆಯೇ? ತಾಯಿ ಸತ್ತ ಮೇಲೆ ಬೇಟೆ ಕಲಿಯದ ಆ ಮರಿಗಳು ಹಸಿದು ಯಾರ ಮನೆ ಬಾಗಿಲಿಗೆ ಬರಬೇಕು? ತಾವು ಶನಿವಾರ ಬಂದು ಭಾನುವಾರ ಪಟ ತೆಗೆಸಿಕೊಂಡು ಹೊರಡುತ್ತೀರಿ. ಸೋಮವಾರ ಇಲ್ಲಿರುವವರು ನಾವು. ಇಷ್ಟಕ್ಕೂ ಅದು ಬಂದದ್ದು ಕೂಸಿಗಾಗಿ ಅಲ್ಲ, ನೀರಿಗಾಗಿ. ಅದಕ್ಕೂ ಎಳೆ ಮರಿಗಳಿವೆ.

ಆದ್ದರಿಂದ ಶನಿವಾರದ ಅಪ್ಪಣೆಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ಬಂದೂಕಿನವರ ಬದಲು ನೀರಿನ ಗಾಡಿಗಳನ್ನು ಕಳಿಸಿ, ಮಳೆ ಬರುವವರೆಗೆ ಮೇಲಿನ ಕೊಳ ತುಂಬಿಸಬೇಕು. ಅಲ್ಲಿ ನೀರಿದ್ದರೆ ಅದು ಕೆಳಗೆ ಏಕೆ ಬರುತ್ತದೆ? ನಮ್ಮ ಬೀದಿಗೆ ಒಂದು ದೀಪದ ಕಂಬ ಹಾಕಿಸಿದರೆ ಅಕ್ಕ ಮತ್ತೆ ಜಗಲಿಯಲ್ಲಿ ಮಲಗಿಯಾಳು. ಯಾರದಾದರೂ ಹೆಸರು ಬರೆದುಕೊಳ್ಳಲೇಬೇಕಿದ್ದರೆ ನನ್ನದು ಕೆಳಗಿದೆ. ಮೇಷ್ಟ್ರದು ಬೇಡ.

ಹೆದರಿ ನಿನ್ನೆ ಸಂಜೆಯೂ ಬೂದಿ ಎರಚಿದ್ದೆವು; ಇಂದು ಬೆಳಿಗ್ಗೆ ಅದರ ಮೇಲೆ ಹೆಜ್ಜೆಗಳಿದ್ದವು, ದೊಡ್ಡದೂ ಚಿಕ್ಕವೂ. ಯಾವ ಕಡೆಯಿಂದ ಬಂದು ಯಾವ ಕಡೆ ಹೋದವೆಂದು ನನಗೆ ಗೊತ್ತು. ಜವಾನರು ಬರುವ ಮೊದಲೇ ಪೊರಕೆ ತಂದು ಗುಡಿಸಿದೆ. ನೀರು ಚಿಮುಕಿಸಿ, ಆ ಜಾಗದಲ್ಲಿ ಒಂದು ರಂಗೋಲಿ ಹಾಕಿದೆ. ಅವಸರಕ್ಕೆ ಎಳೆ ಸೊಟ್ಟಗಾಗಿದೆ.

ಇಂತಿ,
ಚಿರತೆಗೂ ಹೆದರುವ, ತಮಗೂ ಹೆದರುವ,
ಊದುಬತ್ತಿ ಹೊಸೆಯುವ ಪುಟ್ಟಬಸಮ್ಮ